ಮೂಗಿನಿಂದ ತಿಂದ ಊರು

ಬೆಳಗಿನ ಆರಕ್ಕೆ ಫುಟ್ಸ್‌ಕ್ರೇ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.
ಕೊರಳಲ್ಲಿ ಕೌನ್ಸಿಲ್ಲಿನ ಗುರುತುಚೀಟಿ,
ಚೀಲದಲ್ಲಿ ಉಷ್ಣಮಾಪಕ, ಟಾರ್ಚು,
ತಲೆಗೂದಲಿಗೆ ನೀಲಿ ಬಲೆ.
ನನ್ನ ಕಂಡರೆ ಈ ಬೀದಿಯ ಬೇಕರಿಗಳೆಲ್ಲ
ಬೀಗರು ಬಾಗಿಲಿಗೆ ಬಂದ ಹಾಗೆ
ಥಟ್ಟನೆ ಸೆರಗು ಸರಿಮಾಡಿಕೊಳ್ಳುತ್ತವೆ.

ಹನ್ನೊಂದು ವರ್ಷ. ತಿಂದದ್ದು ಸೊನ್ನೆ.
ತಪಾಸಣೆಗೆ ಹೋದಲ್ಲಿ ಒಂದು ಚೂರೂ
ಬಾಯಿಗಿಡುವಂತಿಲ್ಲ, ನಿಯಮ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ನನಗದು ಗಾದೆಯಲ್ಲ, ನೌಕರಿ.

ಹಾಗಾಗಿ ಈ ಊರನ್ನು ಮೂಗಿನಿಂದ ತಿಂದೆ,
ಸ್ವಲ್ಪ ಕಿವಿಯಿಂದ.
ಲಿಯೆನ್ ಒಲೆಯಿಂದ ಎಳೆದ ಉದ್ದನೆ ಬನ್ನುಗಳು
ಮೆಲ್ಬರ್ನಿನ ಚಳಿಗಾಳಿ ತಾಕಿದ್ದೇ
ಚಿಟಿಚಿಟಿ ಸಿಡಿಯುತ್ತವೆ, ಮಂಡಕ್ಕಿ ಭಟ್ಟಿಯಂತೆ.
"ಕೇಳು, ಮಾತಾಡ್ತಿವೆ" ಅನ್ನುತ್ತಾಳೆ.
ನಾನು ಬರೆಯುತ್ತೇನೆ:
ಲಿವರಿನ ಮುದ್ದೆ, ನಾಲ್ಕು ಡಿಗ್ರಿ. ಸರಿ.

ಮೂಲೆಯಂಗಡಿಯ ಸಿಸಿಲಿಯ ಮುದುಕ ಕಾರ್ಮೆಲೊ
ಪ್ರತಿ ಸಲ ಒಂದು ಗರಿಗರಿ ಕೊಳವೆಗೆ
ರಿಕೋಟಾ ತುಂಬಿ, ಪಿಸ್ತಾ ಉದುರಿಸಿ
ತಟ್ಟೆಯಲ್ಲಿಟ್ಟು ನನ್ನೆದುರಿಗೆ ಸರಿಸುತ್ತಾನೆ:
"ನಿನಗಲ್ಲ. ಮೇಜಿಗೆ."
ನಾನು ಫ್ರಿಜ್ಜಿನ ರಬ್ಬರು ನೋಡುತ್ತೇನೆ, ಜಾಲರಿ ನೋಡುತ್ತೇನೆ,
ಇಲಿಬೋನು ನೋಡುತ್ತೇನೆ.
ಮೇಜು ತಿನ್ನುವುದಿಲ್ಲ.

ಸೆಲಾಮಾವಿತಳ ಅಡುಗೆಮನೆಗೆ ಮೊದಲ ಸಲ ಹೋದಾಗ
ನೀಲಿ ಪೀಪಾಯಿಯ ಮುಚ್ಚಳ ಎತ್ತಿ
"ವಾಸನೆ: ಹುಳಿ, ಅಸಹ..." ಎಂದು ಬರೆದವಳು
ಅಲ್ಲಿಗೇ ನಿಂತೆ.
ಮೂಗಿಗೆ ಗೊತ್ತಿತ್ತು, ಪೆನ್ನಿಗೆ ಗೊತ್ತಿರಲಿಲ್ಲ.
ನಾಲ್ಕು ದಿನ ಹುದುಗಿದ ಟೆಫ್ ಹಿಟ್ಟು,
ಕೆರೆಯ ಮೇಲೆ ಮಳೆಹನಿಯಂತೆ ಗುಳ್ಳೆಗಳು.
ಹೆಂಚಿನ ಮೇಲೆ ಸುತ್ತಿ ಸುತ್ತಿ ಹೊಯ್ದಳು.
ಸಾವಿರ ಕಣ್ಣು ತೆರೆದವು.
"ಕಣ್ಣಿಲ್ಲದಿದ್ದರೆ ಅದು ಇಂಜೆರಾ ಅಲ್ಲ" ಎಂದಳು ಬಿಗುಮಾನದಿಂದ.
ನಮ್ಮಲ್ಲಿ ಎಲ್ಲರ ಮನೆ ದೋಸೆಯೂ ತೂತೇ ಅನ್ನುತ್ತೇವೆ,
ಅದು ಹೊಗಳಿಕೆಯಲ್ಲ ಎಂದೆ.
ಅವಳಿಗೆ ಅರ್ಥವಾಗಲಿಲ್ಲ. "ತೂತಿದ್ದರೆ ಒಳ್ಳೆಯದೇ ಅಲ್ಲವೆ?
ಸಾರು ಮತ್ತೆಲ್ಲಿ ಕೂರುತ್ತದೆ?"

ಅಪ್ಪ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಎದುರು
ಸೌದೆ ಭಟ್ಟಿಯಲ್ಲಿ ಖಾರಾ ಬನ್ನು ಸುಡುತ್ತಿದ್ದ.
ಮೊಣಕೈವರೆಗೆ ಬರಿಗೈ ಒಳಗೆ ಚಾಚಿ ಎಣಿಸುವನು.
ಎಂಟಕ್ಕೇ ಕೈ ಕಿತ್ತರೆ: ಬ್ರೆಡ್ಡಿಗೆ ಹದ.
ಹದಿನೈದು ದಾಟಿದರೆ: ಈಗ ಬಿಸ್ಕತ್ತು ಇಡ್ರೋ.
ಅವನ ಕೈಮೇಲೆ ಒಂದು ಕೂದಲೂ ಇರಲಿಲ್ಲ.
ಬನ್ನು ಕೊಡುತ್ತಿದ್ದುದು ನಿನ್ನೆಯ ಪೇಪರಿನಲ್ಲಿ,
ಮೈದಾ ಚೀಲದ ಮೇಲೆ ಬೆಕ್ಕಿನ ಸಂಸಾರ.
ಆ ಅಂಗಡಿಗೆ ನಾನು ತಪಾಸಣೆಗೆ ಹೋಗಿದ್ದರೆ
ಮಧ್ಯಾಹ್ನದೊಳಗೆ ಬೀಗ ಜಡಿಸುತ್ತಿದ್ದೆ.
ಸುಳ್ಳು ಹೇಳಲಾರೆ.

ಕಳೆದ ತಿಂಗಳು ವರ್ಗಾವಣೆಯ ಕಾಗದ ಬಂತು:
ಇನ್ನು ಈಜುಕೊಳ, ಕ್ಲೋರಿನ್ನು.
ಆ ಶನಿವಾರವೇ ಬರಿಗೊರಳಲ್ಲಿ ಹೋದೆ.
ಲಿಯೆನ್ ಗಾಬರಿಯಾಗಿ ಕೈಗವಸು ಹುಡುಕಿದಳು.
ಇಲ್ಲಮ್ಮ, ಹಸಿವು ಅಷ್ಟೆ, ಎಂದೆ.
ಕೊತ್ತಂಬರಿ, ಮೆಣಸಿನಕಾಯಿ, ಉಪ್ಪಿನಲ್ಲಿಟ್ಟ ಮೂಲಂಗಿ.
ಫುಟ್‌ಪಾತಿನಲ್ಲೇ ನಿಂತು ತಿಂದೆ, ಅಂಗಿಯ ತುಂಬ ಚೂರು.
ಕಾರ್ಮೆಲೊ ತಲೆಯೆತ್ತದೆ ಹೇಳಿದ:
"ಚೀಟಿ ತಗೊ. ನಿನ್ನದು ನಲವತ್ತೇಳು."
ಕಾಸು ಕೊಟ್ಟು, ಕೊಳವೆ ಕಚ್ಚಿದೆ.
ಹನ್ನೊಂದು ವರ್ಷ ಮೂಗು ಹೇಳಿದ್ದಕ್ಕಿಂತ
ತುಸು ಹೆಚ್ಚೇ ಸಿಹಿ. ಅವನಿಗೆ ಹೇಳಲಿಲ್ಲ.

ಕೊನೆಗೆ ಸೆಲಾಮಾವಿತ್.
ಹೊಟ್ಟೆಯಲ್ಲಿ ಜಾಗವಿಲ್ಲ ಎಂದರೂ ಕೂರಿಸಿದಳು,
ಇಂಜೆರಾ ಹರಿದು, ಬೇಳೆ ಮೆತ್ತಿ, ಮಡಿಸಿ
ತನ್ನ ಕೈಯಿಂದಲೇ ನನ್ನ ಬಾಯಿಗಿಟ್ಟಳು.
ಅವಳ ನಾಡಿನಲ್ಲಿ ಅದಕ್ಕೊಂದು ಹೆಸರಿದೆಯಂತೆ.
ನಮ್ಮಲ್ಲೂ ಇದೆ, ಕೈತುತ್ತು, ಎನ್ನಬೇಕೆಂದಿದ್ದೆ,
ಬಾಯಿ ತುಂಬಿತ್ತು.

ಕೈ ತೊಳೆದಿದ್ದಳೋ ಇಲ್ಲವೋ,
ನೋಡಲಿಲ್ಲ.